ಮೆಟ್ಟಿಲ ಮೇಲಿನ ಕಾಲು

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬರು ಬಂದು ಕೇಳಿದರು. ವ್ಯಾಪಾರಸ್ಥರು, ಹತ್ತಾರು ಜನಕ್ಕೆ ಕೆಲಸ ಕೊಟ್ಟವರು. "ಸ್ವಾಮಿ, ನಮ್ಮಲ್ಲಿ ಕೆಲಸ ಮಾಡೋರಿಗೆ ಸ್ವಲ್ಪ ಅಧ್ಯಾತ್ಮ ಹೇಳಿಕೊಟ್ಟರೆ ಕೆಲಸ ಸುಧಾರಿಸುತ್ತಾ?" ಎಂದರು. ನೋಡಿ, ಎಂಥ ಪ್ರಶ್ನೆ! ಅಧ್ಯಾತ್ಮ ಯಾರಿಗೆ ಬೇಕಂತೆ? ಕೆಲಸದವರಿಗೆ. ಇವರಿಗೆ? ಇವರದು ಮುಗಿದಿದೆಯೇನೋ! ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಅವರು ಇವತ್ತೂ ಬಂದಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಯಾರೆಂದು ತಿರುಗಿ ನೋಡಬೇಡಿ. ಕಥೆ ಕೇಳಿ.

ಕಡಲ ತಡಿಯ ಒಂದೂರಿನಲ್ಲಿ ಒಬ್ಬ ಬಸ್ಸಿನ ಧಣಿ ಇದ್ದ. ಆ ಕಡೆ ಯಜಮಾನರನ್ನು ಧಣಿ ಎಂದೇ ಕರೆಯುವುದು. ಹೆಸರು ಕೇಳಬೇಡಿ. ಹೆಸರು ಹೇಳಿದೆನೋ, 'ಓಹೋ, ಅವರ ಕಥೆಯಾ' ಎಂದು ನೀವು ನಿಶ್ಚಿಂತೆಯಿಂದ ಗೋಡೆಗೆ ಒರಗಿಬಿಡುತ್ತೀರಿ. ಹೆಸರಿಲ್ಲದಿದ್ದರೆ ಕೊನೆಯವರೆಗೂ ಒಂದು ಅನುಮಾನ ಇರುತ್ತದೆ, ಇದು ನನ್ನ ಕಥೆಯೇ ಇರಬಹುದೇ ಅಂತ. ಆ ಅನುಮಾನ ಇರಲಿ, ಒಳ್ಳೆಯದು.

ಅವನ ಅಪ್ಪ ಒಂದೇ ಒಂದು ಬಸ್ಸಿಟ್ಟು, ತಾನೇ ಅದರ ಸ್ಟಿಯರಿಂಗ್ ಹಿಡಿದು ಮೇಲೆ ಬಂದವನು. ಮಗನ ಕಾಲಕ್ಕೆ ಶೆಡ್ಡಿನ ತುಂಬ ನೀಲಿ ಬಸ್ಸುಗಳು. ಪ್ರತಿಯೊಂದರ ಮುಂದುಗಡೆ ಕುದುರೆಗಳ ಲಗಾಮು ಹಿಡಿದ ಪಾರ್ಥಸಾರಥಿಯ ಚಿತ್ರ. ಧಣಿ ಒಳ್ಳೆಯವನೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯಲ್ಲಿ ಶ್ರೀಮಂತ ಕಾಲಿಟ್ಟ ಕೂಡಲೇ ಅವನನ್ನು ಕೆಟ್ಟವನು ಮಾಡಿ ಕೂರಿಸುವ ಚಾಳಿ ನಮಗಿದೆ. ಇವನು ಹಾಗಲ್ಲ. ಡ್ರೈವರಿನ ಮನೆಯಲ್ಲಿ ಕಾಯಿಲೆ ಎಂದರೆ ಕಾರು ಕಳಿಸುತ್ತಿದ್ದ, ಮದುವೆ ಎಂದರೆ ತಾನೇ ಹೋಗಿ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಆದರೂ ಅವನಿಗೆ ಸಮಾಧಾನ ಇರಲಿಲ್ಲ. ಯಾಕೆ?

ಯಾಕೆಂದರೆ ಅವನ ಡ್ರೈವರುಗಳಿಗೆ ಸಮಾಧಾನ ಇರಲಿಲ್ಲ. ಆ ಕಡೆಯ ಖಾಸಗಿ ಬಸ್ಸುಗಳ ಓಟ ನೋಡಿದವರಿಗೆ ಇದು ಗೊತ್ತು. ಒಂದರ ಬಾಲಕ್ಕೆ ಇನ್ನೊಂದು. ಒಂದು ಬಸ್ಸು ಹೊರಟು ಎರಡು ಮಾತಾಡುವಷ್ಟರಲ್ಲಿ ಬೇರೆ ಕಂಪನಿಯ ಬಸ್ಸು ಬಂದು ಹಾರ್ನ್ ಹೊಡೆಯುತ್ತದೆ. ತಡ ಮಾಡಿದರೆ ಮುಂದಿನ ಸ್ಟಾಪಿನ ಜನರೆಲ್ಲ ಆ ಬಸ್ಸಿನ ಪಾಲು. ದೊಡ್ಡ ಸ್ಟ್ಯಾಂಡುಗಳಲ್ಲಿ ಟೈಂ ಕೀಪರ್ ಅಂತ ಒಬ್ಬ ಗಡಿಯಾರ ನೋಡುತ್ತ ನಿಂತಿರುತ್ತಾನೆ, ಯಮನ ಕಡೆಯ ಮನುಷ್ಯನ ಹಾಗೆ. ಈ ಟೈಮಿಂಗ್ ಗೊತ್ತುಮಾಡುವವರು ಯಾರು? ಬಸ್ಸಿನ ಧಣಿಗಳೇ, ತಮ್ಮ ಸಂಘದಲ್ಲಿ ಕೂತು. ದಿನಕ್ಕೆ ಒಂದು ಟ್ರಿಪ್ ಜಾಸ್ತಿ ಸಿಗಲಿ ಎಂದು ಸಂಘದಲ್ಲಿ ಮೇಜು ಗುದ್ದಿ, ಇದ್ದ ನಿಮಿಷಗಳನ್ನು ಹಿಂಡಿ ಬಿಗಿ ಮಾಡಿಸಿದವನು ನಮ್ಮ ಧಣಿಯೇ. ಅದರ ಮೇಲೆ ಅವನದೇ ಒಂದು ಕಟ್ಟಳೆ ಬೇರೆ: ಪೇಟೆಯ ಸ್ಟ್ಯಾಂಡಿಗೆ ತಡವಾಗಿ ಬಂದ ಡ್ರೈವರಿಗೆ ಮರುದಿನ ಬಸ್ಸಿಲ್ಲ, ಮನೆಯಲ್ಲಿ ಕೂರಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಧಣಿ ಮರೆತಿದ್ದ.

ಹೀಗಾಗಿ ಡ್ರೈವರುಗಳಲ್ಲಿ ಒಬ್ಬನಿಗೆ ಬಿ.ಪಿ., ಒಬ್ಬನಿಗೆ ಹೊಟ್ಟೆಯ ಹುಣ್ಣು, ಎಲ್ಲರ ಬಾಯಲ್ಲೂ ಬೈಗುಳ. ನಡು ರಸ್ತೆಯಲ್ಲಿ ಬಸ್ಸು ಅಡ್ಡ ನಿಲ್ಲಿಸಿ ಜಗಳ. ಧಣಿ ನೊಂದುಕೊಳ್ಳುತ್ತಿದ್ದ. 'ಇವರಿಗೆ ಮನಶ್ಶಾಂತಿ ಇಲ್ಲ, ಏನು ಮಾಡಲಿ' ಎಂದು ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದ.

ಆಗಲೇ ಯಾರೋ ಸ್ನೇಹಿತರು ಅವನನ್ನು ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಸನಾತನ ಜ್ಞಾನ, ಆಧುನಿಕ ಮ್ಯಾನೇಜ್‌ಮೆಂಟ್ ಎಂದು ಬ್ಯಾನರು. ಬಿಳಿ ಜುಬ್ಬಾ ತೊಟ್ಟ ಒಬ್ಬ ತರಬೇತುದಾರರು ಪರದೆಯ ಮೇಲೆ ಚಿತ್ರ ತೋರಿಸುತ್ತ ಹೇಳಿದರು: ದೇಹವೇ ರಥ, ಇಂದ್ರಿಯಗಳೇ ಕುದುರೆ, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಸಾರಥಿ ಶಾಂತನಾಗಿದ್ದರೆ ರಥ ದಾರಿ ತಪ್ಪುವುದಿಲ್ಲ. ಹಳೆಯ ಮಾತು, ನಿಜವಾದ ಮಾತು. ಧಣಿಗೆ ಎದೆ ತುಂಬಿ ಬಂತು, ಕಣ್ಣಲ್ಲಿ ನೀರೂ ಬಂತು. ಆ ಕಣ್ಣೀರು ಸುಳ್ಳಲ್ಲ. 'ಸಾರಥಿಗಳು! ನನ್ನ ಶೆಡ್ಡಿನಲ್ಲಿ ಇರುವವರೆಲ್ಲ ಸಾರಥಿಗಳೇ ಅಲ್ಲವೇ!' ಎಂದುಕೊಂಡು ಊರಿಗೆ ಬಂದ.

ಬಂದವನೇ ಶುರು ಮಾಡಿದ. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಡ್ರೈವರು, ಕಂಡಕ್ಟರು ಎಲ್ಲರೂ ಶೆಡ್ಡಿನಲ್ಲಿ ಸಾಲಾಗಿ ಗೋಣಿಚೀಲದ ಮೇಲೆ ಕೂರಬೇಕು. ಕಣ್ಣು ಮುಚ್ಚಬೇಕು, ಉಸಿರು ಎಳೆದು ಬಿಡಬೇಕು. ಎದುರಿಗೆ ಒಂದು ಮಣೆಯ ಮೇಲೆ ಧಣಿ. "ಬಸ್ಸೇ ರಥ... ಕೋಪವೇ ಕುದುರೆ... ಲಗಾಮು ಎಳೆಯಿರಿ..." ಎಂದು ಇಂಪಾಗಿ ಹೇಳಿಕೊಡುತ್ತಿದ್ದ. ಹೆಸರು ಸಾರಥಿ ಧ್ಯಾನ. ಸ್ವಲ್ಪ ಹೊತ್ತಿನ ಮಾತು ಎಂದು ಇಟ್ಟುಕೊಂಡದ್ದು. ಆದರೆ ಧಣಿಗೆ ಅದರ ರುಚಿ ಹತ್ತಿತು. ಕಣ್ಣು ಮುಚ್ಚಿದರೆ ತೆರೆಯುವ ಮನಸ್ಸೇ ಬರುತ್ತಿರಲಿಲ್ಲ. ಪಾಪ, ಎಷ್ಟೋ ವರ್ಷದ ಮೇಲೆ ಆ ಮನುಷ್ಯನಿಗೆ ಸಿಕ್ಕ ಸುಖ ಅದು. ಧ್ಯಾನ ದಿನದಿನಕ್ಕೆ ಉದ್ದವಾಯಿತು.

ಈಗ ದೇಜಪ್ಪನ ವಿಷಯ ಹೇಳಬೇಕು. ಧಣಿಯ ಅಪ್ಪನ ಕೈಕೆಳಗೆ ಬಸ್ಸು ಕಲಿತ ಡ್ರೈವರು, ಪೇಟೆಯ ದಾರಿಯ ಮೊದಲ ಟ್ರಿಪ್ಪು ಅವನದು. ಸಾಧು ಸಂತ ಎಂದು ತಿಳಿಯಬೇಡಿ. ಮೂಗಿನ ತುದಿಯಲ್ಲಿ ಸಿಟ್ಟು, ಬಾಯಿ ತೆರೆದರೆ ಕೇಳಲಾಗದ ಮಾತು. ಧ್ಯಾನದಲ್ಲಿ ಕೂರಿಸಿದರೆ ಗೊರಕೆ ಹೊಡೆಯುತ್ತಿದ್ದ. ಆದರೆ ಅವನಿಗೆ ಒಂದು ರೂಢಿ ಇತ್ತು, ದೊಡ್ಡ ಧಣಿಯಿಂದ, ಅಂದರೆ ಆ ಅಪ್ಪನಿಂದ ಬಂದದ್ದು. ಅವನಿಗಷ್ಟೇ ಅಲ್ಲ, ಆ ಶೆಡ್ಡಿನ ಎಲ್ಲ ಡ್ರೈವರುಗಳಿಗೂ ಇತ್ತು. ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಅದಕ್ಕೆ ಒಂದು ಸುತ್ತು ಬರುವುದು. ಕೈಯಲ್ಲಿ ಕಬ್ಬಿಣದ ರಾಡು. ಪ್ರತಿ ಟಯರಿಗೂ ಒಂದು ಪೆಟ್ಟು ಕೊಟ್ಟು ಸದ್ದು ಕೇಳುವುದು. ಬಗ್ಗಿ ಅಡಿ ನೋಡುವುದು, ಎಣ್ಣೆ ಸೋರಿದೆಯಾ, ನಾಯಿ ಮಲಗಿದೆಯಾ ಎಂದು. ಕನ್ನಡಿ ಒರೆಸುವುದು. ಕೊನೆಗೆ ಜನ ಹತ್ತಿ ಇಳಿಯುವ ಬಾಗಿಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಆಮೇಲೆ ಪಾರ್ಥಸಾರಥಿಗೆ ಒಂದು ಊದುಬತ್ತಿ. ಆಮೇಲೇ ಸ್ಟಿಯರಿಂಗ್.

ಹೇಳಿ, ಇದು ಏನು? ದೇವಸ್ಥಾನಕ್ಕೆ ಹೋದರೆ ನೀವು ಮಾಡುವುದೂ ಇದೇ ಅಲ್ಲವೇ? ಸುತ್ತು ಬರುತ್ತೀರಿ, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೀರಿ. ಧ್ಯಾನ ಆ ಶೆಡ್ಡಿನಲ್ಲಿ ಮೊದಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಮ್ಮ ಧಣಿ ಊರೆಲ್ಲ ಹುಡುಕಿ ಶಿಬಿರದಿಂದ ಬೇರೊಂದು ಕೂಸು ತಂದ. ಅದನ್ನು ಎತ್ತಿಕೊಳ್ಳಲು ಕಂಕುಳಲ್ಲಿದ್ದ ಕೂಸನ್ನು ಕೆಳಗಿಟ್ಟ.

ಹೇಗೆ ಎಂದರೆ, ಧ್ಯಾನ ಮುಗಿಯುವಾಗ ಹೊರಡುವ ಹೊತ್ತು ಮೀರಿರುತ್ತಿತ್ತು. ಸುತ್ತು ಬರಲು ಪುರುಸೊತ್ತೆಲ್ಲಿ? ಧಣಿ "ಓಂ ಶಾಂತಿಃ" ಅಂದದ್ದೇ ತಡ, ಎಲ್ಲರೂ ಗೋಣಿ ಬಿಟ್ಟು ಓಡುವುದು, ಹಾರಿ ಹತ್ತುವುದು, ಧೂಳೆಬ್ಬಿಸಿಕೊಂಡು ಹೋಗುವುದು. ಕಳೆದ ನಿಮಿಷಗಳನ್ನು ರಸ್ತೆಯಲ್ಲಿ ಗಳಿಸಬೇಕು. ಶಾಂತಿ ಮಂತ್ರ ಹೇಳಿದ ಬಾಯಲ್ಲೇ ಹಾರ್ನು, ಬೈಗುಳ, ಮೊದಲಿಗಿಂತ ಜಾಸ್ತಿ. ಇದು ಧಣಿಗೆ ಗೊತ್ತಾಗಲಿಲ್ಲವೇ? ಹೇಗೆ ಗೊತ್ತಾಗಬೇಕು? ಬಸ್ಸುಗಳು ಹೋದ ಮೇಲೂ ಅವನು ಕಣ್ಣು ಮುಚ್ಚಿಯೇ ಕೂತಿರುತ್ತಿದ್ದ.

ದೇಜಪ್ಪ ಒಮ್ಮೆ ತಲೆ ಕೆರೆದುಕೊಳ್ಳುತ್ತ ಹೇಳಿ ನೋಡಿದ.

"ಧಣಿ, ಬೆಳಿಗ್ಗೆ ಒಂಚೂರು ಲೇಟಾಗ್ತದೆ..."

ಧಣಿ ಮುಗುಳ್ನಕ್ಕ. "ಕಾಲ ಎನ್ನುವುದೇ ಮಾಯೆ, ದೇಜಪ್ಪ."

"ಅದು ಹೌದು ಧಣಿ. ಆದ್ರೆ ಆ ಟೈಂ ಕೀಪರಿಗೆ ಗೊತ್ತಿಲ್ಲ ಅದು."

ಎಲ್ಲರೂ ನಕ್ಕರು, ಧಣಿಯೂ ನಕ್ಕ. ನಕ್ಕಲ್ಲಿಗೆ ಆ ಮಾತು ಮುಗಿದುಹೋಯಿತು. ಆಮೇಲೆ ಧಣಿ "ಹೇಗಾಗ್ತಾ ಉಂಟು ಧ್ಯಾನ?" ಎಂದು ಕೇಳಿದಾಗಲೆಲ್ಲ "ಭಾರೀ ಒಳ್ಳೆದಾಗ್ತದೆ ಧಣಿ" ಎಂದು ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದರು. ಅನ್ನ ಕೊಡುವವನು ಕಣ್ಣು ಮುಚ್ಚಿ ಆನಂದದಲ್ಲಿದ್ದಾಗ ಅವನನ್ನು ಅಲುಗಾಡಿಸುವ ಧೈರ್ಯ ಯಾರಿಗಿದೆ? ನಿಮ್ಮ ಅಂಗಡಿಯಲ್ಲಿ, ಆಫೀಸಿನಲ್ಲಿ ಯಾರಿಗಾದರೂ ಇದೆಯೇ? ಯೋಚನೆ ಮಾಡಿ.

ಹೀಗಿರುವಾಗ ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ಆ ದಾರಿಯಲ್ಲಿ ಗುಲಾಬಿಯಕ್ಕ ಅಂತ ಒಬ್ಬಳು. ಹೆಸರು ಗುಲಾಬಿ, ಮಾರುವುದು ಮಲ್ಲಿಗೆ. ಮನೆಯ ಅಂಗಳದಲ್ಲಿ ತಾನೇ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ಬುಟ್ಟಿಯಲ್ಲಿಟ್ಟು ಮೊದಲ ಬಸ್ಸಿಗೆ ಕಟ್ಟೆಯ ಸ್ಟಾಪಿನಲ್ಲಿ ಇಳಿಯುವವಳು. ಅವತ್ತು ಬುಟ್ಟಿ ಹಿಡಿದು ಒಂದು ಕಾಲು ಕೆಳಗಿಟ್ಟಿದ್ದಳು, ಇನ್ನೊಂದು ಮೆಟ್ಟಿಲ ಮೇಲಿತ್ತು. ಹಿಂದೆ ಬೇರೆ ಕಂಪನಿಯ ಬಸ್ಸು ಬಂತು. ಕಂಡಕ್ಟರು ವಿಸಿಲ್ ಊದಿದ, ದೇಜಪ್ಪ ಬಸ್ಸು ಬಿಟ್ಟ. ಗುಲಾಬಿಯಕ್ಕ ಬಿದ್ದಳು. ಬುಟ್ಟಿ ಉರುಳಿ ಮಲ್ಲಿಗೆಯ ಚೆಂಡುಗಳೆಲ್ಲ ರಸ್ತೆಯಲ್ಲಿ. ಹೂ ಕಟ್ಟುವ ಕೈಯ ಮಣಿಕಟ್ಟು ಮುರಿಯಿತು. ಒಂದಿಷ್ಟು ಹೆಚ್ಚುಕಡಿಮೆಯಾಗಿದ್ದರೆ ಅವಳು ಹಿಂದಿನ ಚಕ್ರದ ಅಡಿಗೆ ಹೋಗುತ್ತಿದ್ದಳು.

ಜನ ಬಸ್ಸು ಮುತ್ತಿದರು. ದೇಜಪ್ಪ ಇಳಿದು ಬಂದು ಗುಲಾಬಿಯಕ್ಕನನ್ನು ತಾನೇ ರಿಕ್ಷಾಕ್ಕೆ ಎತ್ತಿ ಕೂರಿಸಿದ. ಯಾರೋ ಅವನ ಅಂಗಿಯ ಕಾಲರು ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ.

ಸುದ್ದಿ ಕೇಳಿ ಧಣಿ ಕುದಿದುಹೋದ. "ಇಷ್ಟು ಧ್ಯಾನ ಮಾಡಿಸಿಯೂ ಹೀಗಾ?" ಎಂದ. ಅವನಿಗೆ ನಿಜವಾಗಿ ನೋವಾಗಿತ್ತು, ಯಾರೋ ತನ್ನ ಪೂಜೆಯನ್ನು ಕಾಲಿನಲ್ಲಿ ಒದ್ದ ಹಾಗೆ. ಶಿಬಿರದ ತರಬೇತುದಾರರಿಗೆ ಫೋನ್ ಮಾಡಿದ. ಅವರು, "ಮೋಹ ಬಿಡಿ ಸರ್. ಅಪ್ಪನ ಕಾಲದವನು ಎಂಬ ಮೋಹ. ರಾಗದ್ವೇಷ ಇಲ್ಲದೆ ತೀರ್ಮಾನ ತೆಗೆದುಕೊಳ್ಳಿ" ಎಂದರು. ಕೇಳಲು ಎಷ್ಟು ಚೆಂದ! ಒಬ್ಬನ ಹೊಟ್ಟೆಯ ಮೇಲೆ ಹೊಡೆಯುವುದಕ್ಕೂ ಶಾಸ್ತ್ರದಲ್ಲಿ ಮಾತು ಸಿಗುತ್ತದೆ, ಹುಡುಕುವವನಿದ್ದರೆ. ಧಣಿ ತೀರ್ಮಾನಿಸಿದ: ದೇಜಪ್ಪನನ್ನು ತೆಗೆಯಬೇಕು. ಹೇಳಿಯೂ ಕಳಿಸಿದ, ನಾಳೆ ಬೆಳಗಿನ ಟ್ರಿಪ್ ಮುಗಿಸಿ ಮಧ್ಯಾಹ್ನ ಆಫೀಸಿಗೆ ಬಾ ಎಂದು.

ಇದರ ಅರ್ಥ ದೇಜಪ್ಪನಿಗೆ ಗೊತ್ತಿತ್ತು. ಸ್ಟಿಯರಿಂಗ್ ಬಿಟ್ಟರೆ ಆ ಕೈಗಳಿಗೆ ಬೇರೆ ಕೆಲಸ ಬಾರದು. ಹೆಂಗಸನ್ನು ಬೀಳಿಸಿ ಕೆಲಸ ಕಳೆದುಕೊಂಡವನು ಎಂಬ ಹೆಸರು ಹೊತ್ತವನಿಗೆ ಆ ದಾರಿಯಲ್ಲಿ ಇನ್ಯಾವ ಧಣಿಯೂ ಬಸ್ಸು ಕೊಡುವುದಿಲ್ಲ. ಅಂದರೆ ಮನುಷ್ಯ ಬದುಕಿದ್ದಾನೆ, ಬದುಕು ಮುಗಿದಿದೆ. ಅಷ್ಟೇ ಸಂಗತಿ.

ಆ ಸಂಜೆ ಧಣಿ ಗುಲಾಬಿಯಕ್ಕನ ಮನೆಗೆ ಹೋದ. ಒಳ್ಳೆಯವನು ಅಂದೆನಲ್ಲ, ಹೋಗದಿರಲು ಅವನಿಂದಾಗಲಿಲ್ಲ. ಅವಳು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು. ಎದುರಿಗೆ ಕೊಯ್ದ ಮೊಗ್ಗುಗಳ ರಾಶಿ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಬಂದು ಕಟ್ಟಿಕೊಡುತ್ತಿದ್ದಳು.

"ಆಸ್ಪತ್ರೆಯದ್ದೆಲ್ಲ ನಾನು ನೋಡಿಕೊಳ್ತೇನೆ, ಗುಲಾಬಿಯಕ್ಕ," ಎಂದ ಧಣಿ. "ಅವನನ್ನು ನಾಳೆ ತೆಗೆದು ಹಾಕ್ತಾ ಇದ್ದೇನೆ."

"ಯಾರನ್ನು? ದೇಜಪ್ಪನನ್ನಾ?" ಗುಲಾಬಿಯಕ್ಕ ಮುಖ ಎತ್ತಿದಳು. "ನನಗೆ ಅವನ ಮೇಲೆ ಸಿಟ್ಟಿಲ್ಲಾಂತ ಅಲ್ಲ ಧಣಿ. ಬೈದಿದ್ದೇನೆ, ಇನ್ನೂ ಬೈತೇನೆ. ಆದ್ರೆ ಒಂದು ಮಾತು. ಮೊದಲೆಲ್ಲ ನಾನು ಇಳಿದು ಬುಟ್ಟಿ ಕೆಳಗಿಟ್ಟ ಮೇಲೆ, ಕನ್ನಡಿಯಲ್ಲಿ ನೋಡಿ ತಲೆ ಆಡಿಸಿಯೇ ಅವ ಬಸ್ಸು ಬಿಡ್ತಿದ್ದದ್ದು. ಈಗ ಸ್ವಲ್ಪ ಸಮಯದಿಂದ ಎಂತದೋ ಆಗಿದೆ. ಅವನಿಗೊಬ್ಬನಿಗಲ್ಲ, ನಿಮ್ಮ ಎಲ್ಲ ಬಸ್ಸಿಗೂ. ಬೆಳಿಗ್ಗೆ ಬೆಂಕಿ ಬಿದ್ದ ಹಾಗೆ ಬರ್ತವೆ. ನಿಮ್ಮ ಶೆಡ್ಡಿನಲ್ಲಿ ಬೆಳಿಗ್ಗೆ ಎಂತ ಮಾಡ್ತಾರೆ ಧಣಿ ಅವರಿಗೆ?"

ಧಣಿ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಏನೆಂದು ಉತ್ತರ ಕೊಡುವುದು? ಶಾಂತಿ ಕಲಿಸುತ್ತೇವೆ ಎಂದೇ?

ಮರುದಿನ ಬೆಳಿಗ್ಗೆ ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲಲಿಲ್ಲ. 'ಎಂತ ಮಾಡ್ತಾರೆ ಅವರಿಗೆ' ಎಂಬ ಮಾತೇ ಕಿವಿಯಲ್ಲಿ. "ಬಸ್ಸೇ ರಥ" ಎಂದು ಹೇಳುತ್ತ ಹೇಳುತ್ತ, ಅಷ್ಟು ದಿನಗಳಲ್ಲಿ ಮೊದಲ ಸಲ, ನಡುವೆ ಕಣ್ಣು ತೆರೆದ. ನೋಡಿದರೆ ಏನು? ಎಲ್ಲರ ಕಣ್ಣೂ ತೆರೆದೇ ಇತ್ತು. ಅಷ್ಟೂ ಜನ ಅವನ ತಲೆಯ ಮೇಲೆ ಗೋಡೆಯಲ್ಲಿದ್ದ ಗಡಿಯಾರವನ್ನು ನೋಡುತ್ತಿದ್ದರು. ಅವನು ಕಣ್ಣು ತೆರೆದದ್ದು ಕಂಡು ಪಟಪಟನೆ ಮುಚ್ಚಿಕೊಂಡರು. ದೇಜಪ್ಪನೊಬ್ಬನದೇ ಮೊದಲಿಂದಲೂ ಮುಚ್ಚಿತ್ತು. ಅವತ್ತು ಗೊರಕೆ ಇರಲಿಲ್ಲ.

ಧ್ಯಾನ ಮುಗಿಯಿತು, ಎಲ್ಲರೂ ಓಡಿದರು. ಧಣಿಯೂ ಎದ್ದ. ಮನೆಗೆ ಕಾಫಿಗೆ ಹೋಗುವ ಬದಲು ಹೋಗಿ ದೇಜಪ್ಪನ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂತ. ಎಷ್ಟು ವರ್ಷವಾಗಿತ್ತೋ ಅವನು ತನ್ನದೇ ಬಸ್ಸಿನಲ್ಲಿ ಕೂತು! ದೇಜಪ್ಪ ಒಮ್ಮೆ ತಿರುಗಿ ನೋಡಿ ಬಸ್ಸು ಸ್ಟಾರ್ಟ್ ಮಾಡಿದ. ತನ್ನ ಕೊನೆಯ ಟ್ರಿಪ್ ನೋಡಲು ಬಂದಿದ್ದಾರೆ ಎಂದುಕೊಂಡಿರಬೇಕು.

ರಾಡು ಸೀಟಿನ ಕೆಳಗೆ ಹಾಗೇ ಬಿದ್ದಿತ್ತು. ಊದುಬತ್ತಿ ಪೊಟ್ಟಣದಲ್ಲೇ ಇತ್ತು. ಬಸ್ಸು ಹೊರಟಿತು. ಮೊದಲ ಸ್ಟ್ಯಾಂಡಿನಲ್ಲೇ ಟೈಂ ಕೀಪರ್ ಕೈಗಡಿಯಾರ ತಟ್ಟಿ ತಟ್ಟಿ ತೋರಿಸಿದ. ದೇಜಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ಧಣಿಗೆ ಕಂಡಿತು. ಬೆಳಗಿನ ತಂಪಿನಲ್ಲಿ ಬೆವರು! ಒಂದು ಸ್ಟಾಪು, ಇನ್ನೊಂದು ಸ್ಟಾಪು. ಹಿಂದೆ ಕೆಂಪು ಬಸ್ಸು ಕಾಣಿಸಿತು. ಅದರ ಹಾರ್ನು ಕೇಳಿದ ಕೂಡಲೇ ಧಣಿ ಕತ್ತು ತಿರುಗಿಸಿ ನೋಡಿದ. ಅದು ಅವನ ಹಳೆಯ ಎದುರಾಳಿಯ ಬಸ್ಸು. ಮುಂದಿನ ಸ್ಟಾಪಿನಲ್ಲಿ ಕಾಯುತ್ತಿರುವ ಜನ ಇನ್ನು ಅವನ ಪಾಲು. ಅಷ್ಟರಲ್ಲಿ ದೇಜಪ್ಪ ಜನ ಇಳಿಸಲು ಒಂದು ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ. ನಮ್ಮ ಧಣಿ ಸೀಟಿನ ತುದಿಗೆ ಬಂದ. ಕೆಂಪು ಬಸ್ಸು ಹತ್ತಿರ ಬಂತು, ಪಕ್ಕಕ್ಕೆ ಬಂತು. ಧಣಿ ಎದ್ದು ನಿಂತು, ಡ್ರೈವರಿನ ಹಿಂದಿನ ಕಂಬಿ ಬಡಿದು ಕೂಗಿಯೇಬಿಟ್ಟ:

"ಪೋಯಿ, ಪೋಯಿ! ಬಿಡು ಮಾರಾಯ, ಎಂತ ನೋಡ್ತಾ ನಿಂತಿದ್ದಿ!"

ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ ಎಂದು. ಅವನ ತಾಯಿಮಾತು. ಬೆಳಿಗ್ಗೆ ಹೇಳಿದ ಸಂಸ್ಕೃತ ಅಷ್ಟರಲ್ಲಿ ಎಲ್ಲಿ ಹೋಗಿತ್ತೋ!

ಬಸ್ಸು ಅಲುಗಲಿಲ್ಲ. ದೇಜಪ್ಪ ಬಾಗಿಲ ಕನ್ನಡಿಯಲ್ಲಿ ನೋಡುತ್ತಿದ್ದ. ನೋಡುತ್ತಲೇ, ಮೆಲ್ಲಗೆ ಹೇಳಿದ:

"ಧಣಿ, ಅಜ್ಜನ ಕಾಲು ಇನ್ನೂ ಮೆಟ್ಟಿಲ ಮೇಲುಂಟು."

ಧಣಿ ತಿರುಗಿ ನೋಡಿದ. ಕೊಡೆಯನ್ನು ಊರುಗೋಲು ಮಾಡಿಕೊಂಡ ಒಬ್ಬ ಅಜ್ಜ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ದೇಜಪ್ಪ ಧಣಿಯ ಮಾತು ಕೇಳಿದ್ದರೆ? ಯೋಚಿಸಿ ನೋಡಿ. ಮಧ್ಯಾಹ್ನ ಕೆಲಸ ಬಿಟ್ಟು ಮನೆಗೆ ಹೋಗಬೇಕಾದವನು, ಧಣಿ ಹೇಳಿದ ಹಾಗೆ ಕೇಳಿದರೆ ಕೆಲಸ ಉಳಿದೀತು ಎಂಬ ಆಸೆ ಯಾರಿಗಿರುವುದಿಲ್ಲ? ಅಂಥ ಹೊತ್ತಿನಲ್ಲೂ ಅವನ ಕಾಲು ಬ್ರೇಕ್ ಬಿಟ್ಟು ಏಳಲಿಲ್ಲ.

ಧಣಿ ಕಂಬಿ ಬಿಟ್ಟು ಬಾಗಿಲಿಗೆ ಹೋದ. ಅಜ್ಜನ ತೋಳು ಹಿಡಿದು ಇಳಿಸಿದ. ಕೆಂಪು ಬಸ್ಸು ಧೂಳೆಬ್ಬಿಸಿ ಮುಂದೆ ಹೋಯಿತು, ಹೋಗಲಿ ಎಂದ. ಪೇಟೆ ಮುಟ್ಟುವವರೆಗೂ ಅವನು ಮತ್ತೆ ಸೀಟಿನಲ್ಲಿ ಕೂರಲಿಲ್ಲ. ಬಾಗಿಲಲ್ಲೇ ನಿಂತು, ಇಳಿಯುವವರನ್ನೆಲ್ಲ ಇಳಿಸಿದ.

ಪೇಟೆಗೆ ತಡವಾಗಿಯೇ ಬಂದರು. ಬೈಯಲು ಬಾಯಿ ತೆರೆದ ಟೈಂ ಕೀಪರ್ ಧಣಿಯನ್ನು ಕಂಡು ಆಕಳಿಸಿದವನ ಹಾಗೆ ಮಾಡಿ ಹೋದ. ಜನರೆಲ್ಲ ಇಳಿದ ಮೇಲೆ ದೇಜಪ್ಪ ಬಸ್ಸಿನ ಕೀ ತೆಗೆದು ಎರಡೂ ಕೈಯಲ್ಲಿ ಧಣಿಯ ಮುಂದೆ ಹಿಡಿದ.

"ಮಧ್ಯಾಹ್ನದವರೆಗೆ ಯಾಕೆ ಧಣಿ? ಇಲ್ಲೇ ತಕೊಳ್ಳಿ. ಆ ಹೆಂಗಸು ಬಿದ್ದದ್ದು ನನ್ನಿಂದ. ಅಲ್ಲ ಅಂತ ನಾನು ಹೇಳುವುದಿಲ್ಲ."

ಧಣಿ ಕೀಗೆ ಕೈ ಒಡ್ಡಲಿಲ್ಲ.

"ಇವತ್ತು ಬಸ್ಸು ಬಿಡು ಅಂತ ಕೂಗಿದ್ದು ಯಾರು, ದೇಜಪ್ಪ?"

ಉತ್ತರವನ್ನೂ ಧಣಿಯೇ ಹೇಳಿದ.

"ನಾನು. ನಿನ್ನೆ ಕೂಗಿದ್ದೂ ನಾನೇ. ಬಸ್ಸಿನಲ್ಲಿ ಇರಲಿಲ್ಲ, ಅಷ್ಟೆ."

ಅಷ್ಟು ಹೇಳುವಾಗ ಧಣಿಯ ಕಣ್ಣಲ್ಲಿ ನೀರು ಬಂತು. ಶಿಬಿರದಲ್ಲೂ ಬಂದಿತ್ತು, ನೆನಪಿದೆಯಲ್ಲ? ಅಲ್ಲಿ ಬಂದದ್ದು ಮಾತು ಕೇಳಿ. ಇಲ್ಲಿ ಬಂದದ್ದು ತನ್ನನ್ನು ತಾನು ಕಂಡು. ಕೀ ಹಿಡಿದ ದೇಜಪ್ಪನ ಕೈಯನ್ನು ಅವನ ಎದೆಯ ಕಡೆಗೇ ಹಿಂದಕ್ಕೆ ತಳ್ಳಿ ಹೇಳಿದ, "ನಾಳೆಯಿಂದ ಬೆಳಿಗ್ಗೆ ಕೂರುವುದು ಬೇಡ. ಸುತ್ತು ಬರುವಾ. ನಾನೂ ನಿನ್ನೊಟ್ಟಿಗೆ ಬರ್ತೇನೆ. ರಾಡಿನಲ್ಲಿ ಎಲ್ಲಿ ಹೊಡೆಯುವುದು ಅಂತ ಅಪ್ಪ ತೋರಿಸಿಕೊಟ್ಟಿದ್ದರು, ಮರೆತುಹೋಗಿದೆ."

ದೇಜಪ್ಪ ಕೀಯನ್ನು ಕಣ್ಣಿಗೆ ಒತ್ತಿಕೊಂಡ. ಆದರೂ ಬಾಯಿ ಕೇಳಬೇಕಲ್ಲ! "ಮೆಲ್ಲ ಹೊಡಿಬೇಕು ಧಣಿ, ಟಯರು ನಿಮ್ಮದೇ," ಎಂದ.

ಮರುದಿನದಿಂದ ಗೋಣಿಚೀಲಗಳು ಮೂಲೆ ಸೇರಿದವು. ಬೆಳಿಗ್ಗೆ ಶೆಡ್ಡಿನಲ್ಲಿ ಟಯರಿಗೆ ರಾಡು ಬೀಳುವ ಸದ್ದು, ಊದುಬತ್ತಿಯ ಹೊಗೆ, ಬಕೆಟ್ಟು ಹಿಡಿದು ಮುಂಗಾಜು ತೊಳೆಯುವ ಧಣಿ. ಅಷ್ಟಕ್ಕೇ ಬಿಡಲಿಲ್ಲ. ತಡವಾದವನಿಗೆ ಬಸ್ಸಿಲ್ಲ ಎಂಬ ಕಟ್ಟಳೆ ತೆಗೆದುಹಾಕಿದ. ಸಂಘಕ್ಕೆ ಹೋಗಿ, ತಾನೇ ಮೇಜು ಗುದ್ದಿ ಗಳಿಸಿದ್ದ ಆ ಹೆಚ್ಚಿನ ಟ್ರಿಪ್ಪನ್ನು ತಾನೇ ಬಿಟ್ಟುಕೊಟ್ಟು, ನಿಮಿಷಗಳನ್ನು ಸಡಿಲ ಮಾಡಿಸಿದ. ಉಳಿದ ಧಣಿಗಳು, ಇವನಿಗೆ ಧ್ಯಾನ ಜಾಸ್ತಿಯಾಗಿ ತಲೆ ಕೆಟ್ಟಿದೆ ಎಂದು ನಕ್ಕರು. ಡ್ರೈವರುಗಳ ಜಗಳ ಪೂರ್ತಿ ನಿಂತಿತೇ? ಇಲ್ಲ. ದೇಜಪ್ಪನ ಬಾಯಿ ಶುದ್ಧವಾಯಿತೇ? ಅದೂ ಇಲ್ಲ. ಆದರೆ ನೀಲಿ ಬಸ್ಸು ಜನರನ್ನು ಇಳಿಸಿಯೇ ಹೊರಡುತ್ತದೆ ಎಂಬ ಮಾತು ಊರಿನಲ್ಲಿ ಹುಟ್ಟಿತು.

ಗುಲಾಬಿಯಕ್ಕನ ಮನೆಗೆ ಇಬ್ಬರೂ ಹೋದರು. ದೇಜಪ್ಪ ಅಂಗಳದಲ್ಲೇ ನಿಂತ, ಒಳಗೆ ಬರುವ ಮುಖ ಇರಲಿಲ್ಲ. ಅವಳು ಮನಸಾರೆ ಬೈದಳು. ಬೈದು ಮುಗಿಸಿ, "ಜನ ಹತ್ತಿಸಲಿಕ್ಕೆ ಎಲ್ಲರಿಗೂ ಗೊತ್ತುಂಟು. ಇಳಿಸಲಿಕ್ಕೆ ಕಲಿ," ಎಂದಳು. ಅವಳ ಕೈ ಗುಣವಾಗುವವರೆಗೂ ಮಲ್ಲಿಗೆಯ ಬುಟ್ಟಿಯನ್ನು ದೇಜಪ್ಪ ತನ್ನ ಪಕ್ಕದಲ್ಲೇ ಇಟ್ಟುಕೊಂಡು ಹೋಗಿ ಕಟ್ಟೆಯಲ್ಲಿ ಇಳಿಸಿಕೊಟ್ಟ.

ಕಥೆ ಇಷ್ಟೇ. ಈಗ ಮುಂದಿನ ಸಾಲಿನವರಿಗೆ ಉತ್ತರ ಸಿಕ್ಕಿತೇ? ಸಿಗದಿದ್ದರೆ ಬಿಡಿಸಿ ಹೇಳುತ್ತೇನೆ.

ಆ ಬಸ್ಸಿನ ಮೇಲಿದ್ದ ದೇವರು ಯಾರು? ಪಾರ್ಥಸಾರಥಿ. ನಾವು ಅವನ ಬಾಯಿಂದ ಬಂದ ಉಪದೇಶವನ್ನು ಹಿಡಿದುಕೊಂಡೆವು, ಅವನು ಕೈಯಿಂದ ಮಾಡಿದ ಕೆಲಸವನ್ನು ಮರೆತೆವು. ಹಿರಿಯರು ಹೇಳಿಕೊಂಡು ಬಂದದ್ದು ಕೇಳಿಲ್ಲವೇ? ಯುದ್ಧದ ನಡುವೆ ಅವನು ಕುದುರೆಗಳ ನೊಗ ಬಿಚ್ಚಿದ. ಮೈಗೆ ನಾಟಿದ ಬಾಣಗಳನ್ನು ತನ್ನ ಕೈಯಾರೆ ಕಿತ್ತ. ನೀರು ಕುಡಿಸಿದ, ಮೈ ತಿಕ್ಕಿದ. ಜಗದ ಒಡೆಯ, ನೋಡಿ, ಕುದುರೆಯ ಮೈ ತಿಕ್ಕಿದ! ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, 'ಶಾಂತವಾಗಿರಿ, ಬಾಣ ನಾಟಿದ್ದು ಮಾಯೆ' ಎಂದು ಪ್ರವಚನ ಮಾಡಲಿಲ್ಲ. ಆಡಳಿತ ಎಂದರೆ ಅದು. ನಿಮ್ಮ ಕೈಕೆಳಗಿನವರಿಗೆ ಶಾಂತಿ ಕಲಿಸುವ ಮೊದಲು, ಅವರ ಮೈಯಲ್ಲಿ ನಾಟಿರುವ ಬಾಣ ಯಾರ ಬತ್ತಳಿಕೆಯದು ಎಂದು ನೋಡಿ. ಬಹಳ ಸಲ ಅದರ ಮೇಲೆ ನಿಮ್ಮದೇ ಹೆಸರು ಇರುತ್ತದೆ. ಫಲದ ಆಸೆ ಬಿಡು ಎಂಬ ಮಾತಿದೆಯಲ್ಲ, ಅದನ್ನು ಸಂಬಳದವನಿಗೆ ಹೇಳಬೇಡಿ. ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳಿ, ಆಮೇಲೆ ಹೋಗಿ ಒಂದು ಟ್ರಿಪ್ ಬಿಟ್ಟುಕೊಡಿ.

ನಮಗೆ ಬಸ್ಸಿಲ್ಲ, ಕಂಪನಿಯಿಲ್ಲ ಎಂದು ಹಿಂದಿನ ಸಾಲಿನ ತಾಯಂದಿರು ಹಾಯಾಗಿ ಕೂತಿದ್ದೀರಿ. ಇಲ್ಲವೇ? ಬೆಳಿಗ್ಗೆ ಮಗು ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಹುಡುಕುವಾಗ 'ಬೇಗ, ಬೇಗ' ಎನ್ನುವವರು ಯಾರು? ಅತ್ತೆ ಗೋಡೆ ಹಿಡಿದು ಬಚ್ಚಲಿಂದ ಬರುವಾಗ ನಲ್ಲಿಯ ಹತ್ತಿರ ನಿಂತು ಉಸ್ಸೆನ್ನುವವರು ಯಾರು? ಅಂಗಡಿಯಲ್ಲಿ ಕೆಲಸದವನು ತುತ್ತು ಬಾಯಿಗಿಡುವಾಗ ಹೊರಗಿಂದ ಕೂಗುವವರು ಯಾರು? ಆಮೇಲೆ ನೀವೇ ಬಂದು, 'ಸ್ವಾಮಿ, ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ, ಏನಾದರೂ ಸ್ತೋತ್ರ ಹೇಳಿಕೊಡಿ' ಎನ್ನುತ್ತೀರಿ. ಸ್ತೋತ್ರ ಬೇಡ. ನಾಳೆ ಬೆಳಿಗ್ಗೆ ಬಾಯಿಗೆ 'ಬೇಗ' ಎಂಬ ಮಾತು ಬಂದಾಗ ಅದನ್ನು ಒಂದು ಗಳಿಗೆ ಹಲ್ಲಿನ ಹಿಂದೆ ತಡೆಯಿರಿ. ತಡೆದು, ತಿರುಗಿ, ಎದುರಿಗಿರುವವರ ಕಾಲು ಎಲ್ಲಿದೆ ಎಂದು ನೋಡಿ. ಅದು ನೆಲ ಮುಟ್ಟಿದ ಮೇಲೆ ಹೊರಡಿ. ದಿನಾ ಮಾಡಿ. ಇದಕ್ಕಿಂತ ದೊಡ್ಡ ಧ್ಯಾನ ನನಗೆ ಗೊತ್ತಿಲ್ಲ.

ನಾಳೆಯವರೆಗೂ ಕಾಯಬೇಕಿಲ್ಲ. ಈಗ ಮಂಗಳಾರತಿ ಆಗುತ್ತದೆ, ಪ್ರಸಾದಕ್ಕೆ ಎಲ್ಲರೂ ಒಟ್ಟಿಗೆ ಏಳುತ್ತೀರಿ. ಹೊರಗೆ ಮೂರು ಮೆಟ್ಟಿಲಿವೆ, ಅಜ್ಜಿಯರು ಇಳಿಯುತ್ತಿರುತ್ತಾರೆ. ಹಿಂದಿನಿಂದ ತಳ್ಳಬೇಡಿ.